ಮೇಳದಲ್ಲಿ ಅಗ್ಗ ಯಾವುದು, ತುಟ್ಟಿ ಯಾವುದು?

(ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಹಲಸಿನ ಮೇಳ, ಬೀಜಮೇಳಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ‘ಮನೆಯಲ್ಲೇ ಮಾಡಿದ್ದಕ್ಕೆ ಇಷ್ಟೇಕೆ ಬೆಲೆ?’ ಎಂಬುದು ಕೊಳ್ಳುವವರ ಮಾತು. ‘ಇಷ್ಟಕ್ಕೆ ಕೊಟ್ಟರೆ ಕೂಲಿಯೂ ಹುಟ್ಟದು’ ಎಂಬುದು ಮಾರುವವರ ಮಾತು. ಎರಡರಲ್ಲಿ ಯಾವುದೂ ಸುಳ್ಳಲ್ಲ.

ಹಲಸಿನ ಹಪ್ಪಳವನ್ನೇ ನೋಡಬಹುದು. ಮರದಡಿಯಲ್ಲಿ ಹಣ್ಣು ಕೊಳೆಯುವ ನಾಡಿನಲ್ಲಿ ಅದರ ಕಚ್ಚಾವಸ್ತು ಬಿಟ್ಟಿಯೆಂಬ ಭಾವನೆ ಸಹಜ. ಆದರೆ ಬಲಿತ ಕಾಯಿಯನ್ನು ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು, ಮೇಣ ಒರೆಸಿ ತೊಳೆ ಬಿಡಿಸಿದಾಗ ದೊರೆಯುವುದು ಕಾಯಿಯ ತೂಕದ ಸುಮಾರು ಮೂರನೆಯ ಒಂದು ಭಾಗ. ಬೇಯಿಸಿ, ಕುಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸಿದ ಬಳಿಕ ಆ ತೂಕವೂ ಇಳಿಯುತ್ತದೆ. ನಡುವೆ ಮಳೆ ಹಿಡಿದರೆ ಬೂಸಲು. ಸೌದೆ, ಎಣ್ಣೆ, ಬಸ್ ಚಾರ್ಜನ್ನು ತಪ್ಪದೆ ಲೆಕ್ಕ ಹಾಕುವ ಗೃಹಿಣಿ ತನ್ನ ದಿನಗೂಲಿಯನ್ನು ಮಾತ್ರ ಕೂಡಿಸುವುದಿಲ್ಲ. ಅಗ್ಗದ ಹಪ್ಪಳದ ಉಳಿದ ಬೆಲೆಯನ್ನು ತೆರುತ್ತಿರುವವಳು ಆಕೆಯೇ.

ಹಾಗೆಂದು ದರವು ಊರವರ ಕೈಗೆಟುಕದಂತಾದರೆ ಮೇಳವು ಪೇಟೆಯವರ ವಿನೋದವಾಗಿ ಉಳಿಯುತ್ತದೆ. ಆಗ ದರ ಇಳಿಸುವುದಕ್ಕಿಂತ ಪ್ರಮಾಣ ಇಳಿಸುವುದು ಲೇಸು. ನೂರರ ಕಟ್ಟಿನ ಪಕ್ಕದಲ್ಲಿ ಹತ್ತರ ಕಟ್ಟೂ ಇರಲಿ. ಎಣಿಕೆ, ತೂಕ, ತಯಾರಿಸಿದ ದಿನ ಕಾಣುವಂತೆ ಬರೆದಿದ್ದರೆ ಚೌಕಾಶಿ ತಾನಾಗಿ ಕಡಿಮೆಯಾಗುತ್ತದೆ. ಮಳಿಗೆಯ ಬಾಡಿಗೆ ಹೆಚ್ಚಿಸಿ, ಬೆಲೆ ಇಳಿಸಿರೆಂದು ಉಪದೇಶಿಸುವ ಸಂಘಟಕರ ನಡೆಯಂತೂ ವಿಚಿತ್ರ.

ಸಸಿಗಳ ವಿಷಯ ಇದಕ್ಕಿಂತ ಗಂಭೀರವಾದುದು. ಹಪ್ಪಳದ ಗುಣ ಅದೇ ಸಂಜೆ ಬಾಣಲೆಯಲ್ಲಿ ತಿಳಿಯುತ್ತದೆ. ಸಸಿಯದು ತಿಳಿಯಲು ವರ್ಷಗಳೇ ಬೇಕು. ಹಲಸು ಅನ್ಯಪರಾಗಸ್ಪರ್ಶದ ಮರ. ರುಚಿಯಾದ ಬಕ್ಕೆಯ ಬೀಜ ನೆಟ್ಟರೆ ಅದೇ ಬಕ್ಕೆ ಬರುವ ಖಾತರಿಯಿಲ್ಲ. ಫಲಕ್ಕೆ ಏಳೆಂಟು ವರ್ಷ ಕಾಯಬೇಕಾದೀತು. ಕಸಿಗಿಡ ಅದರ ಅರ್ಧ ಕಾಲದಲ್ಲಿ ಕಾಯಿ ಬಿಡಬಲ್ಲದು. ಅಪ್ಪೆಮಿಡಿಯೂ ಹೀಗೆಯೇ. ಕಾಡುಮಾವಿನ ಸಸಿಯನ್ನು ಅಗ್ಗಕ್ಕೆ ಅಪ್ಪೆಯೆಂದು ಕೊಂಡವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ತೋಟದ ಜಾಗವನ್ನು ಮತ್ತು ಆಯುಷ್ಯದ ಹಲವು ವರ್ಷಗಳನ್ನು. (ಒಣಗಿಸಿದ ಹಲಸಿನ ಬೀಜದ ಪೊಟ್ಟಣವಂತೂ ಎಷ್ಟು ಅಗ್ಗವಾದರೂ ನಷ್ಟವೇ, ಒಣಗಿದರೆ ಅದರ ಮೊಳಕೆಶಕ್ತಿ ನಾಶವಾಗುತ್ತದೆ.)

ಕಸಿಯ ಗಂಟು ಕಂಡರಷ್ಟೇ ಸಾಲದು; ಕಡ್ಡಿ ಯಾವ ತಾಯಿಮರದ್ದು, ಯಾವ ಊರಿನದು ಎಂಬ ಚೀಟಿ ಗಿಡದ ಮೇಲಿರಬೇಕು. ತುಮಕೂರು ಜಿಲ್ಲೆಯ ಚೇಳೂರಿನ ಕೆಂಪುತೊಳೆಯ ‘ಸಿದ್ದು’ ಹಲಸಿನ ವಿಷಯದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮರದ ಒಡೆಯರೊಡನೆ ಒಪ್ಪಂದ ಮಾಡಿಕೊಂಡು, ಗಿಡಗಳ ಆದಾಯದಲ್ಲಿ ಅವರಿಗೆ ಪಾಲು ದೊರೆಯುವ ವ್ಯವಸ್ಥೆ ಮಾಡಿತು. ಅಂಥ ಗಿಡದ ಹೆಚ್ಚಿನ ಬೆಲೆಯಲ್ಲಿ ಮರ ಉಳಿಸಿದವರ ಪಾಲೂ ಸೇರಿರುತ್ತದೆ. ಮಲೆನಾಡಿನ ಹಿತ್ತಿಲುಗಳಲ್ಲಿರುವ ಹೆಸರಿಲ್ಲದ ಒಳ್ಳೆಯ ಮರಗಳಿಗೆ ಇನ್ನೂ ಅಂಥ ಏರ್ಪಾಡಿಲ್ಲ. ಕಡ್ಡಿ ಕೊಯ್ದವರು ಒಡೆಯರಿಗೆ ಏನು ಕೊಟ್ಟರೆಂದು ಮಳಿಗೆಯ ಮುಂದೆ ನಿಂತು ಕೇಳುವುದಕ್ಕೆ ಸಂಕೋಚ ಬೇಡ.