ಲಾಗಿನ್ ವಿಳಂಬ ಮತ್ತು ಡಿಜಿಟಲ್ ಸಹಿಯ ಹೊಣೆ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪಂಚತಂತ್ರ ಅಥವಾ ಇ-ಸ್ವತ್ತು ತೆರೆಯಲು ತಡವಾದಾಗ ‘ಸರ್ವರ್ ಬೆಂಗಳೂರಿನಲ್ಲಿದೆ, ದೂರ’ ಎಂಬ ಉತ್ತರ ದೊರೆಯುವುದು ವಾಡಿಕೆ. ಲೆಕ್ಕ ಹಾಕಿದರೆ ಈ ಉತ್ತರ ನಿಲ್ಲದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಕುಂದಾಪುರದಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಕೇಬಲ್ ಸುತ್ತುಬಳಸಿ ಹೋದರೂ ಬೆಳಕು ಹೋಗಿಬರಲು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಸಾಕು.

ಹಾಗಾದರೆ ನಿಮಿಷಗಳು ಎಲ್ಲಿ ಕಳೆಯುತ್ತವೆ? ಬೈಂದೂರು ತಾಲ್ಲೂಕಾಗುವ ಮೊದಲು ಶಿರೂರಿನವರು ಕುಂದಾಪುರದ ಕಚೇರಿಗೆ ಬಂದು, ‘ಇನ್ನೊಂದು ದಾಖಲೆ ತನ್ನಿ’ ಎನಿಸಿಕೊಂಡು ಮರಳಬೇಕಾದರೆ ಆಗುವ ಆಯಾಸವನ್ನು ಹಿರಿಯರು ಬಲ್ಲರು. ದಾರಿ ಒಂದೇ, ತಿರುಗಾಟ ಮೂರು. ಲಾಗಿನ್ ಕೂಡ ಹೀಗೆಯೇ. ಜಾಲತಾಣದ ವಿಳಾಸ ವಿಚಾರಿಸಲು, ಸುರಕ್ಷಿತ ಸಂಪರ್ಕ ಏರ್ಪಡಿಸಲು, ಪಾಸ್‌ವರ್ಡ್ ಪರಿಶೀಲಿಸಲು ಸಂದೇಶಗಳು ಪ್ರತ್ಯೇಕವಾಗಿ ಹೋಗಿಬರಬೇಕು. ಒಂದಕ್ಕೆ ಉತ್ತರ ಬಾರದೆ ಮುಂದಿನದು ಹೊರಡದು. ನಡುವೆ ಒಂದು ಕಳೆದುಹೋದರೆ ಯಂತ್ರ ಕಾದು ಮತ್ತೆ ಕಳುಹಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಜಗ್ಗಿದ ಕೇಬಲ್, ಸಡಿಲವಾದ ಜೋಡಣೆ ಇವುಗಳಿಂದ ಇಂತಹ ನಷ್ಟ ಹೆಚ್ಚುತ್ತದೆ. ಕಾಡಂಚಿನಲ್ಲಿ ಸಿಗ್ನಲ್ ಕ್ಷೀಣಿಸಿದರೆ ಒಟಿಪಿ ಅವಧಿ ಮೀರಿ ಬರುತ್ತದೆ. ಗಣಕಯಂತ್ರದ ದಿನಾಂಕ ತಪ್ಪಿದ್ದರಂತೂ ಸುರಕ್ಷಿತ ಸಂಪರ್ಕವೇ ಏರ್ಪಡದು; ಐದು ನಿಮಿಷದ ಈ ದುರಸ್ತಿಗೆ ದಿನಗಟ್ಟಲೆ ಕಾಯುವುದು ಅನಗತ್ಯ.

ದೂರು ನೀಡುವಾಗ ‘ಸರ್ವರ್ ನಿಧಾನ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಸಮಯ, ಪುಟ ತೆರೆಯುವ ಮುನ್ನ ನಿಂತಿತೋ ಪಾಸ್‌ವರ್ಡ್ ಕೊಟ್ಟ ಬಳಿಕವೋ, ಆಗ ಬೇರೆ ಜಾಲತಾಣಗಳು ತೆರೆಯುತ್ತಿದ್ದವೋ ಎಂಬುದನ್ನು ಒಂದು ವಾರ ವಹಿಯಲ್ಲಿ ದಾಖಲಿಸಿದರೆ ತಂತ್ರಜ್ಞರಿಗೆ ದೋಷದ ಜಾಗ ತಿಳಿಯುತ್ತದೆ.

ವಿಳಂಬಕ್ಕಿಂತ ಅದನ್ನು ತಪ್ಪಿಸಲು ಹಿಡಿಯುವ ಅಡ್ಡದಾರಿ ಹೆಚ್ಚು ಅಪಾಯಕರ. ಬೆಳಿಗ್ಗೆ ತೆರೆದ ಲಾಗಿನ್ ಸಂಜೆಯವರೆಗೂ ಹಾಗೆಯೇ ಉಳಿಯುತ್ತದೆ, ಪಾಸ್‌ವರ್ಡ್ ಗೋಡೆಯೇರುತ್ತದೆ, ಅಧ್ಯಕ್ಷರ ಡಿಜಿಟಲ್ ಸಹಿಯ ಟೋಕನ್ ಕಚೇರಿಯ ಮೇಜಿನಲ್ಲೇ ನೆಲೆಸುತ್ತದೆ. ‘ನಿಮಗೇಕೆ ತೊಂದರೆ, ಇಲ್ಲಿರಲಿ’ ಎಂಬ ವಿನಯದ ಮಾತನ್ನು, ವಿಶೇಷವಾಗಿ ಹೊಸ ಅಧ್ಯಕ್ಷೆಯರು, ಒಪ್ಪಬಾರದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕಾರ ಈ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ ಇದೆ. ಅದರ ಕೀಲಿಯನ್ನು ತಮ್ಮ ಹತೋಟಿಯಲ್ಲಿಡುವ ಹೊಣೆಯನ್ನು 42ನೆಯ ಪ್ರಕರಣ ಸಹಿದಾರರ ಮೇಲೆಯೇ ಹೊರಿಸಿದೆ. ಕೀಲಿ ಅನ್ಯರ ಪಾಲಾಯಿತೆಂದರೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಬೇಕು. ಟೋಕನ್ ಈಗ ಯಾರ ಬಳಿ ಇದೆ ಎಂಬ ಪ್ರಶ್ನೆ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಲಿ.