ನಮ್ಮ ಮನೆಯ ಚಿತ್ರಗಳಿಗೆ ನಾವೇ ಕಾವಲು!

(ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)

ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿಗೆ ಇಳಿದವನು. ಕೈಗೆ ಮಸಿ ಹತ್ತಿಸಿಕೊಂಡು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಮದುವೆ ಕಾರ್ಡಿಗೆ ಬರುವ ಗಿರಾಕಿಗಳು ನಗುನಗುತ್ತ ಬರುತ್ತಾರೆ. ಇನ್ನೊಂದು ಬಗೆಯ ಗಿರಾಕಿಗಳಿದ್ದಾರೆ. ಬೆಳಗ್ಗೆ ನಾನು ಷಟರ್ ಎತ್ತುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ. ವೈಕುಂಠ ಸಮಾರಾಧನೆಯ ಕಾರ್ಡು ಆಗಬೇಕು, ತೀರಿಕೊಂಡವರ ಚಿತ್ರ ಚೆನ್ನಾಗಿ ಬರಬೇಕು. ಚಿತ್ರ ಕೊಡಿ ಅಂದರೆ ಅರ್ಧ ಗಂಟೆ ಫೋನು ತಡಕುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗ ಬಂದ. ತಾಯಿ ತೀರಿಕೊಂಡಿದ್ದರು. ಅವನ ಫೋನು ಎರಡು ತಿಂಗಳ ಹಿಂದೆ ನೀರಿಗೆ ಬಿದ್ದು ಸತ್ತಿತ್ತು. ನಾಲ್ಕು ವರ್ಷದ ಚಿತ್ರಗಳೆಲ್ಲ ಅದರೊಳಗೇ ಹೋಗಿದ್ದವು. ಕೊನೆಗೆ ಸಂಬಂಧಿಕರೊಬ್ಬರ ವಾಟ್ಸಾಪ್‌ನಲ್ಲಿ ಒಂದು ಗುಂಪು ಚಿತ್ರ ಸಿಕ್ಕಿತು. ತಾಯಿ ಹಿಂದಿನ ಸಾಲಿನಲ್ಲಿ, ಮುಖ ಉಗುರಿನಷ್ಟು. ಅಚ್ಚು ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕೆ ಬೇಕು. 4 ಇಂಚು ಅಗಲ, 6 ಇಂಚು ಎತ್ತರದ ಚಿತ್ರಕ್ಕೆ 1200ಕ್ಕೆ 1800. ಆ ಮುಖದ ಅಗಲಕ್ಕೆ ನೂರು ಚುಕ್ಕೆಯೂ ಇರಲಿಲ್ಲ. ದೊಡ್ಡದು ಮಾಡಿದಷ್ಟೂ ತಾಯಿ ಮಾಯವಾಗಿ ಬರೀ ಚೌಕಗಳು ಉಳಿದವು. ಹೆಸರು ಮಾತ್ರ ಹಾಕಿ, ಚಿತ್ರವಿಲ್ಲದ ಕಾರ್ಡು ಅಚ್ಚು ಮಾಡಿಕೊಟ್ಟೆ. ದುಡ್ಡು ಇಸಿದುಕೊಳ್ಳಲು ಕೈ ಬರಲಿಲ್ಲ.

ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದೆವು. ಚಿತ್ರ ಬೇಕಾದರೆ ಸತುವಿನ ಬ್ಲಾಕು ಮಾಡಿಸಬೇಕಿತ್ತು. ಅಪ್ಪ ಒಂದು ಬ್ಲಾಕನ್ನೂ ಎಸೆದವರಲ್ಲ. ಬೆನ್ನಿಗೆ ಹೆಸರು ಬರೆದು ಮರದ ಪೆಟ್ಟಿಗೆಯಲ್ಲಿಡುತ್ತಿದ್ದರು. ಹತ್ತು ವರ್ಷ ಬಿಟ್ಟು ಆ ಮನೆಯವರು ಬಂದರೂ ಚಿತ್ರ ಸಿಗುತ್ತಿತ್ತು. ಜನ್ಮಕ್ಕೆ ಎರಡು ಚಿತ್ರ ತೆಗೆಸಿಕೊಂಡವರ ಚಿತ್ರ ಉಳಿಯಿತು. ಫೋನಿನಲ್ಲಿ ಇಪ್ಪತ್ತು ಸಾವಿರ ಚಿತ್ರ ತುಂಬಿಕೊಂಡವರಿಗೆ ಬೇಕಾದ ಒಂದೇ ಒಂದು ಸಿಗುವುದಿಲ್ಲ! ಇದೆಂಥ ಸಿರಿವಂತಿಕೆ?

"ಗೂಗಲ್ ಫೋಟೋಸ್‌ನಲ್ಲಿ ಇದೆಯಲ್ಲ ಸ್ವಾಮಿ" ಅನ್ನುತ್ತೀರಿ. ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಕೇಳಿ. 2015ರಲ್ಲಿ ಅದು ಶುರುವಾದಾಗ, ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಎಷ್ಟಾದರೂ ಪುಕ್ಕಟೆ ಇಡಿ ಅಂದರು. 2021ರ ಜೂನ್ 1ರಿಂದ ಆ ಪುಕ್ಕಟೆ ನಿಂತಿತು. ಈಗ ಅಂಚೆ, ಕಡತ, ಚಿತ್ರ ಎಲ್ಲಕ್ಕೂ ಸೇರಿ 15 ಜಿಬಿ, ಮೀರಿದರೆ ಬಾಡಿಗೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿದ್ದಾರೆ. ತೀರಿಕೊಂಡ ಅಪ್ಪನ ಖಾತೆಯ ಬಾಗಿಲನ್ನು ಯಾರು ಹೋಗಿ ತೆಗೆಯುತ್ತಾರೆ? ಅವರದು ವ್ಯಾಪಾರ, ತಪ್ಪೆನ್ನಲಾರೆ. ಬಾಡಿಗೆ ಮನೆಯ ಷರತ್ತನ್ನು ಮಾಲೀಕ ಬದಲಿಸುತ್ತಾನೆ, ಅಷ್ಟೆ. ಹಿರಿಯರ ಚಿತ್ರಕ್ಕೆ ನಮ್ಮದೇ ಒಂದು ಗೂಡು ಬೇಡವೆ?

ನಾನು ಮಾಡಿದ್ದು ಇಷ್ಟು. ಪ್ರೆಸ್ಸಿನಲ್ಲಿ ಹಳೆಯ ಡಿಟಿಪಿ ಕಂಪ್ಯೂಟರೊಂದು ಮೂಲೆ ಹಿಡಿದಿತ್ತು. ಅದಕ್ಕೆ 8 ಜಿಬಿ ರ‍್ಯಾಮ್, ಒಂದು ಹೊಸ ಡಿಸ್ಕು ಹಾಕಿಸಿದೆ. ಪಕ್ಕದ ಬೀದಿಯ ಹುಡುಗನೊಬ್ಬ ಒಂದು ಭಾನುವಾರವಿಡೀ ಕೂತು ಲಿನಕ್ಸ್ ಹಾಕಿ, ಅದರ ಮೇಲೆ 'ಇಮ್ಮಿಚ್' ಎಂಬ ತಂತ್ರಾಂಶ ಕೂರಿಸಿದ. ಅದು 2022ರಲ್ಲಿ ಶುರುವಾದದ್ದು, 2025ರ ಅಕ್ಟೋಬರಿನಲ್ಲಿ ಸ್ಥಿರ ಆವೃತ್ತಿ ಬಂದಿದೆ. ಪುಕ್ಕಟೆ; ಒಳಗಿನ ಸಂಕೇತವನ್ನು ಯಾರು ಬೇಕಾದರೂ ಓದಬಹುದು.

ಮನೆಮಂದಿಯ ಫೋನುಗಳಲ್ಲಿ ಅದರ ಆ್ಯಪ್ ಇದೆ. ಆ್ಯಪ್ ತೆರೆದರೆ ವೈಫೈ ಮೂಲಕ ಹೊಸ ಚಿತ್ರಗಳು ಮೂಲ ಅಳತೆಯಲ್ಲೇ ಪೆಟ್ಟಿಗೆ ಸೇರುತ್ತವೆ. ಯಾವ ದಿನ, ಯಾವ ಹೊತ್ತು, ಕೆಲವೊಮ್ಮೆ ಯಾವ ಊರು ಎಂಬ ಜಾತಕ ಚಿತ್ರದೊಳಗೇ ಇರುತ್ತದೆ. ಅದನ್ನು ನೋಡಿ ತಾನೇ ಸಾಲಾಗಿ ಜೋಡಿಸುತ್ತದೆ. ಮುಖಗಳನ್ನು ಗುರುತಿಸಿ ಗುಂಪು ಮಾಡುತ್ತದೆ. ಒಂದು ಸಲ 'ಅಜ್ಜಿ' ಎಂದು ಕನ್ನಡದಲ್ಲೇ ಬರೆದಿಟ್ಟೆ; ಅಜ್ಜಿಯ ಚಿತ್ರಗಳೆಲ್ಲ ಒಂದೇ ಕಡೆ ಬಂದವು. ಚಿತ್ರದಲ್ಲಿರುವ ವಸ್ತುವಿನ ಹೆಸರು ಹೇಳಿ ಹುಡುಕುವಾಗ ಮಾತ್ರ ಮೊದಲಿಗೆ ಇಂಗ್ಲಿಷನ್ನೇ ನೆಚ್ಚಿಕೊಂಡಿರುತ್ತದೆ; ಬಹುಭಾಷೆಯ ಮಾದರಿಯನ್ನು ನಾವೇ ಹಾಕಿಕೊಳ್ಳಬೇಕು.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಜಾತಕವನ್ನೂ ಕಳೆದುಕೊಳ್ಳುತ್ತದೆ. ಒಳ್ಳೆಯ ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ. ಮುದ್ರಣದವನ ಈ ಒಂದು ವಿನಂತಿ ನಡೆಸಿಕೊಡಿ!

ಖರ್ಚು? ಒಂದು ಚಿತ್ರಕ್ಕೆ 4 ಎಂಬಿ ಹಿಡಿದರೂ ಇಪ್ಪತ್ತು ಸಾವಿರ ಚಿತ್ರಕ್ಕೆ 80 ಜಿಬಿ. 1 ಟಿಬಿ ಡಿಸ್ಕಿನಲ್ಲಿ ಅದು ಒಂದು ಮೂಲೆಗೂ ಸಾಲದು. ವೀಡಿಯೊ ಇದ್ದರೆ ಲೆಕ್ಕ ಬೇರೆ. ಕಂಪ್ಯೂಟರು ಹಗಲೂ ರಾತ್ರಿ 40 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 29 ಯೂನಿಟ್ ಕರೆಂಟು.

ಇನ್ನು ಕಹಿ ಮಾತು. ಸ್ವಂತ ಮನೆ ಅಂದರೆ ಸ್ವಂತ ಕಾವಲು. ಶುರುವಿನಲ್ಲಿ ನಾನು ಒಂದೇ ಡಿಸ್ಕು ನಂಬಿ ಮೆರೆದೆ. ಪೆಟ್ಟಿಗೆ ಸೇರಿತಲ್ಲ ಎಂದು ಫೋನಿನಿಂದ ಅಳಿಸಿದೆ. 2023ರ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಎಂಟು ತಿಂಗಳ ಚಿತ್ರಗಳು ಹೋದವು. ಮಗಳ ಶಾಲೆಯ ನಾಟಕದ್ದು ಒಂದೂ ಉಳಿಯಲಿಲ್ಲ. ಅವಳು "ಪರವಾಗಿಲ್ಲ ಅಪ್ಪ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಬುದ್ಧಿ ಬಂತು. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಈಗ ಒಂದು ಪ್ರತಿ ಕಂಪ್ಯೂಟರಿನಲ್ಲಿ. ಇನ್ನೊಂದು ಪ್ರತಿ ಹೊರಗಿನ ಡಿಸ್ಕಿಗೆ ಪ್ರತಿ ಭಾನುವಾರ. ಮುಗಿದ ಕೂಡಲೇ ತಂತಿ ಕಿತ್ತು ಬೀರುವಿಗೆ. ಮೂರನೆಯದು ಬೇರೆ ಊರಿನ ಅಕ್ಕನ ಮನೆಯಲ್ಲಿ. ತಿಂಗಳಿಗೊಮ್ಮೆ ಹೋದಾಗ ಹೊಸದು ಕೊಟ್ಟು ಹಳೆಯದು ತರುತ್ತೇನೆ. ಕಂಪ್ಯೂಟರಿಗೆ ಯುಪಿಎಸ್ ಹಾಕಿಸಿದ್ದೇನೆ.

ಎರಡು ಎಚ್ಚರಿಕೆ. ಚಿತ್ರಗಳು ಒಂದು ಕಡೆ, ಹೆಸರು-ಆಲ್ಬಮ್ಮುಗಳ ಲೆಕ್ಕದ ಪುಸ್ತಕ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ನಕಲು ಮಾಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುವಂತೆ ಜೋಡಿಸಿದ್ದು ನಕಲಲ್ಲ, ಕನ್ನಡಿ! ಕನ್ನಡಿಯ ಗಂಟನ್ನು ನಂಬಬೇಡಿ.

ಕರಡು ನೋಡದೆ ಯಾರಾದರೂ ಸಾವಿರ ಪ್ರತಿ ಅಚ್ಚು ಹಾಕುತ್ತಾರೆಯೆ? ಇದೂ ಹಾಗೆಯೇ. ತಿಂಗಳಿಗೊಮ್ಮೆ ಬೀರುವಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಹತ್ತು ಚಿತ್ರ ತೆರೆದು ನೋಡಿ. ತೆರೆದರೆ ಮಾತ್ರ ಅದು ನಿಮ್ಮದು.

"ಇಷ್ಟೆಲ್ಲ ನಮ್ಮ ಕೈಲಾಗದು" ಅನ್ನುವವರು ಬೇಸರ ಪಡಬೇಡಿ. ಫೋನಿಗೆ ಕೇಬಲ್ ಹಾಕಿ, ಚಿತ್ರಗಳನ್ನು ಕಂಪ್ಯೂಟರಿಗಿಳಿಸಿ, ವರ್ಷ-ತಿಂಗಳ ಫೋಲ್ಡರು ಮಾಡಿ, ಎರಡು ಡಿಸ್ಕಿಗೆ ತುಂಬಿ, ಎರಡು ಮನೆಯಲ್ಲಿಡಿ. ಇಮ್ಮಿಚ್ ಇಲ್ಲದೆಯೂ ಮುಕ್ಕಾಲು ಕೆಲಸ ಆಯಿತು.

ಬಂಧುಗಳೆ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ತಂದೆತಾಯಿ ಇದ್ದರೆ ಬೆಳಕಿನಲ್ಲಿ ಕೂರಿಸಿ ಒಂದು ಒಳ್ಳೆಯ ಚಿತ್ರ ತೆಗೆಯಿರಿ. ಮಲಗುವ ಮೊದಲು ಅದರ ನಕಲನ್ನು ಫೋನಿನಿಂದ ಹೊರಗೆ ಇನ್ನೆರಡು ಕಡೆ ಇಡಿ. ನನ್ನ ಪ್ರೆಸ್ಸಿಗೆ ಯಾವತ್ತೋ ಒಂದು ದಿನ ನೀವೂ ಬರಬೇಕಾಗುತ್ತದೆ. ಆ ದಿನ ಕೈಯಲ್ಲಿ ಚಿತ್ರವಿರಲಿ.