ಕನ್ನಡ–ಉರ್ದು ಜಾಲಪುಟದ ಅಂದ
(ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ಜಾಲಪುಟ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ಕಟ್ಟಡದ ದೊಡ್ಡ ಫೋಟೋ, ಅದರ ಮೇಲೆ ಬಣ್ಣದ ಅಕ್ಷರ, ಕೆಳಗೆ ಕನ್ನಡದಲ್ಲೊಂದು, ಉರ್ದುವಿನಲ್ಲೊಂದು ಪ್ರಕಟಣೆಯ ಚಿತ್ರ. ಪ್ರಕಟಣೆಯ ಚಿತ್ರ ಎಂದೆ, ಪ್ರಕಟಣೆ ಎನ್ನಲಿಲ್ಲ. ಈ ವ್ಯತ್ಯಾಸವನ್ನು ಕುರಿತೇ ಇಂದಿನ ನನ್ನ ಮಾತು.

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂದು ನೋಡಲು ಒಬ್ಬ ತಾಯಿ ಮೊಬೈಲಿನಲ್ಲಿ ಆ ಪುಟ ತೆರೆಯುತ್ತಾರೆ ಎಂದಿಟ್ಟುಕೊಳ್ಳಿ. ಚಿತ್ರ ಪರದೆಯ ಅಗಲಕ್ಕೆ ಕುಗ್ಗಿ ಅಕ್ಷರಗಳು ಸಾಸಿವೆ ಕಾಳಾಗುತ್ತವೆ. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯಿಂದಾಚೆ. ಕಣ್ಣು ಕಾಣದವರಿಗೆ ಬರಹವನ್ನು ಓದಿ ಹೇಳುವ ತಂತ್ರಾಂಶವೂ ಇಂಥ ಚಿತ್ರದ ಮುಂದೆ ತಡವರಿಸುತ್ತದೆ. ದಿನಾಂಕ ಮುಂದೂಡಿದರಂತೂ ಇಡೀ ಚಿತ್ರವನ್ನೇ ಮತ್ತೆ ತಯಾರಿಸಬೇಕು.

ಈ ಅಭ್ಯಾಸ ಸೋಮಾರಿತನದಿಂದ ಬಂದದ್ದಲ್ಲ. ಉರ್ದುವಿನ ನಸ್ತಲೀಕ್ ಬರವಣಿಗೆಯಲ್ಲಿ ಪದ ಬಲದಿಂದ ಎಡಕ್ಕೆ ಸಾಗುತ್ತಲೇ ಮೇಲಿಂದ ಕೆಳಕ್ಕೂ ಇಳಿಯುತ್ತದೆ. ಗಣಕಯಂತ್ರಕ್ಕೆ ಇದು ಸುಲಭದ ಕೆಲಸವಾಗಿರಲಿಲ್ಲ. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಪತ್ರಿಕೆಯನ್ನು ಈ ಶತಮಾನದಲ್ಲೂ ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. 1990ರ ದಶಕದಲ್ಲಿ ‘ಇನ್‌ಪೇಜ್’ ತಂತ್ರಾಂಶ ಬಂದು ಅಚ್ಚಿನ ಕೆಲಸ ಹಗುರವಾಯಿತು, ಆದರೆ ಅಂತರ್ಜಾಲಕ್ಕೆ ಹಾಕುವಾಗ ಪುಟವನ್ನು ಚಿತ್ರವಾಗಿಸುವುದೇ ರೂಢಿಯಾಯಿತು. ಕನ್ನಡದ ಪಾಡೂ ಹೆಚ್ಚು ಬೇರೆಯಲ್ಲ. ಬರೆದವರ ಫಾಂಟ್ ಓದುವವರ ಗಣಕದಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ವಿಚಿತ್ರ ಗುರುತುಗಳು ಕಾಣುತ್ತಿದ್ದವು. ಯುನಿಕೋಡ್ ಬಂದು, 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು. ಉರ್ದುವಿಗೆ 2014ರಲ್ಲಿ ಗೂಗಲ್ ‘ನೋಟೋ ನಸ್ತಲೀಕ್ ಉರ್ದು’ ಫಾಂಟನ್ನು ಉಚಿತವಾಗಿ ಕೊಟ್ಟಿತು. ಹಳೆಯ ನೆವ ಈಗ ನಡೆಯದು.

ಬರಹ ಬರಹವಾಗಿಯೇ ಇದ್ದು ಚೆಂದವಾಗಿಯೂ ಕಾಣುವುದು ಹೇಗೆ? ಅದಕ್ಕೆ ಸ್ಟೈಲ್ ಶೀಟ್ ಇದೆ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ ‘ಸಿಎಸ್‌ಎಸ್’ ಪದ್ಧತಿ 1996ರ ಡಿಸೆಂಬರಿನಲ್ಲಿ ಮಾನ್ಯವಾಯಿತು. ಏನು ಬರೆದಿದೆ ಎಂಬುದು ಒಂದು ಕಡತದಲ್ಲಿ, ಅದು ಹೇಗೆ ಕಾಣಬೇಕು ಎಂಬುದು ಇನ್ನೊಂದು ಕಡತದಲ್ಲಿ. ಇಷ್ಟೇ ಅದರ ಗುಟ್ಟು. ನೂರು ಪುಟಗಳ ಶೀರ್ಷಿಕೆಯ ಬಣ್ಣ ಬದಲಿಸಲು ಒಂದು ಸಾಲು ತಿದ್ದಿದರೆ ಸಾಕು.

ಎರಡು ಭಾಷೆಯ ಪುಟದಲ್ಲಿ ಮೊದಲು ಪ್ರತಿ ಪರಿಚ್ಛೇದಕ್ಕೂ ಅದರ ಭಾಷೆಯ ಗುರುತು ಹಾಕಿ, ಉರ್ದುವಿಗೆ ಬಲದಿಂದ ಎಡಕ್ಕೆ ಎಂದು ತಿಳಿಸಿ. ಆಮೇಲೆ ಸ್ಟೈಲ್ ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮ ಕೊಡಿ. ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ, ಅಂದರೆ ‘ಲೈನ್ ಹೈಟ್’. ಇಂಗ್ಲಿಷಿನ ಅಳತೆ ನಮಗೆ ಒಗ್ಗದು. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ, ಒಂದು ಅಕ್ಷರಕ್ಕೆ ಎರಡು ಒತ್ತು. ಸಾಲು ಇಕ್ಕಟ್ಟಾದರೆ ಆ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಕನ್ನಡಕ್ಕೆ, ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಉರ್ದುವಿಗೆ ಕೊಡಿ ಎಂಬುದು ನನ್ನ ಸಲಹೆ. ಮದುವೆ ಕಾರ್ಡು ಅಚ್ಚು ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ!

ಉರ್ದು ಅಕ್ಷರಗಳ ಮಧ್ಯೆ ಅಂತರ ಹೆಚ್ಚಿಸಬೇಡಿ, ಕೂಡಿಕೊಂಡ ಅಕ್ಷರಗಳ ಕೊಂಡಿ ಕಳಚುತ್ತದೆ. ಕನ್ನಡವನ್ನು ಓರೆಯಾಗಿಸಬೇಡಿ, ಅಡಿಗೆರೆಯಿಂದ ಒತ್ತಕ್ಷರಗಳನ್ನು ಸೀಳಬೇಡಿ. ಒತ್ತಿ ಹೇಳಬೇಕಾದ ಮಾತಿಗೆ ದಪ್ಪ ಅಕ್ಷರ ಸಾಕು.

ಹಾಗಾದರೆ ಚಿತ್ರವೇ ಬೇಡವೇ? ಖಂಡಿತ ಬೇಕು. ಮಕ್ಕಳ ವಿಜ್ಞಾನ ಮಾದರಿ, ಕ್ರೀಡಾಕೂಟ, ಒಳ್ಳೆಯ ಕಾತಿಬರು ಬರೆದುಕೊಟ್ಟ ಶಾಲೆಯ ಹೆಸರು, ಇವು ಚಿತ್ರವಾಗಿಯೇ ಇರಲಿ. ಆದರೆ ಮೊಬೈಲಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಫೋಟೋವನ್ನು ಹಾಗೆಯೇ ಏರಿಸಬೇಡಿ, 1000 ಪಿಕ್ಸೆಲ್‌ಗೆ ಇಳಿಸಿ. ಇಲ್ಲವಾದರೆ ನೋಡುವವರ ಡೇಟಾ ಪೋಲಾಗುತ್ತದೆ. ಚಿತ್ರದ ಗರಿಷ್ಠ ಅಗಲ ನೂರು ಶೇಕಡಾ ಎಂದು ಸ್ಟೈಲ್ ಶೀಟಿನಲ್ಲಿ ಬರೆದರೆ ಅದು ಪರದೆ ದಾಟಿ ಹೋಗದು. ಪ್ರತಿ ಚಿತ್ರಕ್ಕೂ ಅದರಲ್ಲೇನಿದೆ ಎಂದು ‘ಆಲ್ಟ್’ ಎಂಬಲ್ಲಿ ಒಂದು ವಾಕ್ಯ ಸೇರಿಸಿ.

ನಮ್ಮ ಮೈಸೂರಿನದೇ ಉದಾಹರಣೆ ಬೇಕಿದ್ದರೆ, ಮಾನಸಗಂಗೋತ್ರಿಯ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 2016ರಲ್ಲಿ ಆರಂಭಿಸಿದ ‘ಭಾರತವಾಣಿ’ಯ ನಿಘಂಟುಗಳನ್ನು ನೆನೆಯಿರಿ. ಅಲ್ಲಿ ಪದ ಹುಡುಕಲು ಸಾಧ್ಯವಾದದ್ದು ಬರಹ ಬರಹವಾಗಿಯೇ ಇದ್ದುದರಿಂದ.

ನಿಮ್ಮ ಶಾಲೆಯ ಪುಟದಲ್ಲಿ ಈ ವಾರ ಒಂದೇ ಒಂದು ಪ್ರಕಟಣೆಯನ್ನು ಎರಡೂ ಭಾಷೆಗಳಲ್ಲಿ ಟೈಪ್ ಮಾಡಿ ಹಾಕಿ ನೋಡಿ. ಗಣಕದ ಕೊಠಡಿಯಲ್ಲಿ ನೋಡಿ ತೃಪ್ತಿಪಡಬೇಡಿ. ಶಾಲೆಯ ಆಯಾ ಅವರ ಮೊಬೈಲಿನಲ್ಲಿ ತೆರೆದು, ದಿನಾಂಕ ಯಾವುದೆಂದು ಅವರನ್ನೇ ಓದಲು ಕೇಳಿ.